ಮರಾಠಿ ಮರೆತ ಅಜ್ಜಿ

ಇಚಲಕರಂಜಿಯ ನಮ್ಮ ಚರ್ಚಿನಲ್ಲಿ ಬೇಸಿಗೆ ಬಂತೆಂದರೆ ಮನೆಭೇಟಿಗಳು ಶುರುವಾಗುತ್ತವೆ. ಈಸ್ಟರ್ ಮುಗಿದು ಶಾಲೆಗಳಿಗೆ ರಜೆ ಬಿದ್ದ ಮೇಲೆ ಮಹಿಳಾ ಮಂಡಳಿಯವರು ಸಂಜೆ ಹೊತ್ತಿಗೆ ಗುಂಪು ಕಟ್ಟಿಕೊಂಡು, ಚರ್ಚಿಗೆ ಬರಲಾರದ ಮುದುಕರು ಮತ್ತು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಾರೆ. ಎರಡು ಹಾಡು, ಒಂದು ಪ್ರಾರ್ಥನೆ, ಆಮೇಲೆ ಆ ಮನೆಯವರು ಕೊಟ್ಟ ಕೋಕಮ್ ಶರಬತ್ತು. ನಾನು ಶಾಲೆಯಲ್ಲಿ ಕಲಿಸುವವಳು, ಬೇಸಿಗೆಯಲ್ಲಿ ಬಿಡುವಾಗಿರುತ್ತಿದ್ದೆ. ಆದರೂ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಕಾಯಿಲೆಯವರ ಹಾಸಿಗೆಯ ಪಕ್ಕ ಕೂತು ಏನು ಮಾತಾಡಬೇಕೆಂದು ನನಗೆ ತಿಳಿಯುವುದಿಲ್ಲ.

ಆ ವರ್ಷ ಪಾದ್ರಿ ಸಾಹೇಬರೇ ಆರಾಧನೆ ಮುಗಿದ ಮೇಲೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು.

"ನಿಮಗೆ ಕಾನಡಿ ಬರುತ್ತದಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದರು. ಅಲ್ಲಿಯವರು ಕನ್ನಡಕ್ಕೆ ಹಾಗೆ ಅನ್ನುತ್ತಾರೆ.

ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಪೆಂತೆಕೋಸ್ತ್ ಹಬ್ಬದ ದಿನ ನಮ್ಮಲ್ಲಿ ಒಂದೇ ವಾಕ್ಯವನ್ನು ಬೇರೆ ಬೇರೆ ಭಾಷೆಗಳಲ್ಲಿ ಓದಿಸುತ್ತಾರೆ, ಹಿಂದಿನ ವರ್ಷ ಕನ್ನಡದ ಪಾಳಿ ನನ್ನದಾಗಿತ್ತು. ಉಳಿದಂತೆ ನಮ್ಮ ಚರ್ಚಿನ ಹಾಡು, ಪ್ರಾರ್ಥನೆ, ಜಗಳ ಎಲ್ಲವೂ ಮರಾಠಿಯಲ್ಲೇ. ನಾನು ಗಡಹಿಂಗ್ಲಜದ ದಕ್ಷಿಣಕ್ಕಿರುವ ಒಂದು ಹಳ್ಳಿಯವಳು, ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲೇ ಓದಿದವಳು. ಮದುವೆಯಾಗಿ ಇಚಲಕರಂಜಿಗೆ ಬಂದ ಮೇಲೆ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವಾಗ ಬಿಟ್ಟರೆ ಕನ್ನಡ ನನ್ನ ಬಾಯಿಗೆ ಬರುತ್ತಿರಲಿಲ್ಲ.

ವಿಷಯ ಇಷ್ಟು. ನಮ್ಮ ಸಭೆಯ ಒಬ್ಬ ಮುದುಕಿಗೆ ಹೋಳಿ ಹುಣ್ಣಿಮೆಯ ಹೊತ್ತಿಗೆ ಪಾರ್ಶ್ವವಾಯು ಬಡಿದಿತ್ತು. ಕೊಲ್ಹಾಪುರದ ಆಸ್ಪತ್ರೆಯಲ್ಲಿಟ್ಟು ಮನೆಗೆ ತಂದಿದ್ದರು. ಬಲಗೈ, ಬಲಗಾಲು ಹೋಗಿದ್ದವು. ಬಾಯಿಂದ ಬರುವುದೆಲ್ಲ ಅರ್ಥವಿಲ್ಲದ ಬಡಬಡಿಕೆ ಎಂದು ಮನೆಯವರು ತಿಳಿದಿದ್ದರು, ಡಾಕ್ಟರರೂ ಹಾಗೇ ಹೇಳಿದ್ದರು. ಒಂದು ಬೆಳಿಗ್ಗೆ ಕರ್ನಾಟಕದ ಗಡಿಗಿರುವ ದತ್ತವಾಡದ ಕಡೆಯಿಂದ ಹಾಲು ತಂದು ಹಾಕುವ ಹೆಂಗಸು ಬಾಗಿಲಲ್ಲಿ ನಿಂತು ಕಿವಿಗೊಟ್ಟು, "ಇದು ಬಡಬಡಿಕೆಯಲ್ಲ, ಕಾನಡಿ" ಎಂದು ಹೇಳಿ ತನ್ನ ದಾರಿ ಹಿಡಿದಿದ್ದಳು.

ಮುದುಕಿ ಹುಟ್ಟಿದ್ದು ಅದೇ ದತ್ತವಾಡದ ಕಡೆಯ ಕುರುಬರ ಮನೆಯಲ್ಲಿ. ಮಕ್ಕಳಿಗೆ ಇದು ತಿಳಿಯದ್ದೇನಲ್ಲ. ಆದರೆ ಆಕೆ ಕ್ರೈಸ್ತ ನೇಕಾರನೊಬ್ಬನನ್ನು ಮದುವೆಯಾಗಿ ಬಂದಾಗಲೇ ತವರಿನ ಬಾಗಿಲು ಮುಚ್ಚಿತ್ತು. ಅತ್ತೆಯಾದವಳು ಮನೆಯಲ್ಲಿ ಕಾನಡಿ ಆಡಬಾರದೆಂದು ಕಟ್ಟಪ್ಪಣೆ ಮಾಡಿದ್ದಳಂತೆ. ಅಂದಿನಿಂದ ಆಕೆ ಮರಾಠಿಯಲ್ಲೇ ಬಾಳಿದಳು, ಮರಾಠಿಯಲ್ಲೇ ಮಕ್ಕಳನ್ನು ಬೈದಳು, ಮರಾಠಿಯಲ್ಲೇ ಪ್ರಾರ್ಥಿಸಿದಳು. ಆ ಮರಾಠಿ ಈಗ ಒಂದು ಮಾತೂ ಉಳಿಯದಂತೆ ಹೋಗಿತ್ತು.

"ಆಕೆ ಏನು ಕೇಳುತ್ತಿದ್ದಾಳೆ ಎಂದು ಹೇಳಿದರೆ ಸಾಕು," ಎಂದರು ಪಾದ್ರಿ ಸಾಹೇಬರು. ಇದಕ್ಕೆ ನೆಪ ಹುಡುಕಲು ನನ್ನಿಂದಾಗಲಿಲ್ಲ.

ಮನೆಯ ಹಿಂದೆಯೇ ನಾಲ್ಕು ಮಗ್ಗಗಳ ಶೆಡ್ಡು. ಮುಂದಿನ ಕೋಣೆಯಲ್ಲಿ, ತಗಡಿನ ಮಾಡಿನ ಕೆಳಗೆ, ಮುದುಕಿಯ ಮಂಚ. ಮಗ್ಗಗಳ ಸದ್ದಿಗೆ ಮಂಚದ ಕಾಲು ಸಣ್ಣಗೆ ನಡುಗುತ್ತಿತ್ತು. ಐವತ್ತು ದಾಟಿದ ಮಗ ಹುಬ್ಬಿನ ಮೇಲೆಲ್ಲ ಹತ್ತಿಯ ನವಿರು ಹೊತ್ತು ಶೆಡ್ಡಿನಿಂದ ಬಂದರು. ಸೊಸೆ ಕುರ್ಚಿ ಹಾಕಿದಳು.

ನಾನು ಬಗ್ಗಿ, "ಹೆಂಗದೀರಿ ಆಯಿ?" ಎಂದೆ.

ಮುದುಕಿ ಕತ್ತು ಹೊರಳಿಸಿ ನನ್ನನ್ನು ನೋಡಿದಳು. ಎಡಗೈಯಿಂದ ನನ್ನ ಸೀರೆಯ ಸೆರಗು ಹಿಡಿದು ಎಳೆದಳು. ಮಾತು ತೊದಲುತ್ತಿತ್ತು, ಆದರೆ ಕನ್ನಡವೇ, ಚೊಕ್ಕ ನಮ್ಮ ಕಡೆಯ ಕನ್ನಡ.

"ಎಲ್ಲಿಗೆ ಹೋಗಿದ್ದೆವ್ವಾ ಇಷ್ಟ ದಿನಾ? ನೀರ ಕೊಡ. ನೀರ ಕೊಡವಲ್ರು ಇವ್ರು."

"ನೀರು ಕೇಳ್ತಿದಾರೆ," ಎಂದೆ ಮಗನಿಗೆ. ಮರಾಠಿಯ ನಡುವೆ ಆ ಒಂದು ಪದ ಕನ್ನಡದಲ್ಲೇ ಬಂದುಬಿಟ್ಟಿತು.

"ಹೌದು, ದಿನಾ ಕೇಳುತ್ತಾಳೆ, ದಿನಾ ತರುತ್ತೇನೆ," ಎಂದರು ಅವರು. ಮೇಜಿನ ಮೇಲೆ ಪ್ಲಾಸ್ಟಿಕ್ ಬಾಟಲಿಯಿತ್ತು. ಅದರಲ್ಲಿದ್ದದ್ದು ನೀರಲ್ಲ, ನೀರಾ. ಬೆಳಿಗ್ಗೆ ರಸ್ತೆ ಬದಿಯ ಅಂಗಡಿಗಳಲ್ಲಿ ಮಾರುತ್ತಾರಲ್ಲ, ಆ ತಾಳೆಯ ಸಿಹಿ ರಸ. ಬೇಸಿಗೆಯಾದ್ದರಿಂದ ತಾಯಿಗೆ ನೀರಾ ಕುಡಿಯುವ ಆಸೆಯಾಗಿದೆ ಎಂದು ಆ ಮನುಷ್ಯ ಬೆಳಗಾದರೆ ಸೈಕಲ್ ಹೊಡೆದುಕೊಂಡು ಹೋಗಿ ತರುತ್ತಿದ್ದರು. ಚಮಚದಿಂದ ಕುಡಿಸಿದರೆ ಮುದುಕಿ ಮುಖ ತಿರುವಿ ಮತ್ತೆ "ನೀರ, ನೀರ" ಎಂದು ಅಳುತ್ತಿದ್ದಳು. ಸಾಲಲಿಲ್ಲವೇನೋ ಎಂದು ಮತ್ತಷ್ಟು ಕುಡಿಸುತ್ತಿದ್ದರು. "ಸಾಕ, ಸಾಕ" ಎಂದರೆ ಸಾಖರ್, ಅಂದರೆ ಸಕ್ಕರೆ, ಕೇಳುತ್ತಿದ್ದಾಳೆ ಎಂದು ಸೊಸೆ ಚಹಕ್ಕೆ ಇನ್ನೂ ಒಂದು ಚಮಚ ಸಕ್ಕರೆ ಹಾಕುತ್ತಿದ್ದಳು.

ನಾನು ಬಿಡಿಸಿ ಹೇಳಿದಾಗ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದಳು. ಮಗ ಮಣ್ಣಿನ ಬಿಂದಿಗೆಯಿಂದ ನೀರು ತಂದರು. ಮುದುಕಿ ಎರಡು ಲೋಟ ಕುಡಿದಳು. ಅರ್ಧ ನೀರು ಕತ್ತಿನ ಮೇಲೆ ಹರಿದು ದಿಂಬು ತೊಯ್ಯಿತು. ಒರೆಸಲು ಹೋದರೆ, "ಇರ್ಲಿ ಬಿಡ, ತಂಪ ಆಗಾಕತ್ತೈತಿ" ಎಂದಳು.

ಅಂದಿನಿಂದ ನಾನು ಸಂಜೆ ಬಿಸಿಲು ಇಳಿದ ಮೇಲೆ ಅಲ್ಲಿಗೆ ಹೋಗತೊಡಗಿದೆ. ಎಡಮಗ್ಗುಲಿಗೆ ಮಲಗಿಸಿದರೆ ಸೊಂಟ ನೋಯುತ್ತದೆ, ಫ್ಯಾನಿನ ಗಾಳಿ ನೇರ ಮುಖಕ್ಕೆ ಬಡಿಯುತ್ತದೆ, ಅನ್ನ ಬೇಡ ಜೋಳದ ನುಚ್ಚು ಬೇಕು. ವಾರಗಟ್ಟಲೆ ಆಕೆ ಬೇಡಿಕೊಂಡ ಸಣ್ಣ ಸಣ್ಣ ಸಂಗತಿಗಳು ಇವು. ಒಂದೊಂದಾಗಿ ನಾನು ಮರಾಠಿಗೆ ತಂದು ಹೇಳುತ್ತಿದ್ದೆ, ಮಗ ಒಂದೊಂದಾಗಿ ಮಾಡುತ್ತಿದ್ದರು. ಆಕೆಯನ್ನು ಎತ್ತಿ ಕೂರಿಸುವುದು, ಹೊರಳಿಸುವುದು, ಬಟ್ಟೆ ಬದಲಿಸುವುದು ಎಲ್ಲ ಅವರೇ. ಸೊಸೆಗೆ ಬೆನ್ನು ನೋವು, ಭಾರ ಎತ್ತುವಂತಿರಲಿಲ್ಲ.

ಒಂದು ಸಂಜೆ ಅವರು ಶೆಡ್ಡಿನ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತ, "ನನ್ನ ಬಗ್ಗೆ ಏನಾದರೂ ಅನ್ನುತ್ತಾಳಾ?" ಎಂದು ಕೇಳಿದರು.

"ಕೇಳಲಾ?"

"ಕೇಳಿ. ಏನು ಹೇಳಿದರೂ ಪೂರ್ತಿ ಹೇಳಿ. ಒಳ್ಳೆಯದನ್ನು ಮಾತ್ರ ಆರಿಸಿ ಹೇಳಬೇಡಿ."

ನಾನು ಮುದುಕಿಗೆ ಅವರನ್ನು ತೋರಿಸಿ ಕೇಳಿದೆ. "ಇವ್ರು ಯಾರಂತ ಗೊತ್ತೈತೇನ್ರಿ ಆಯಿ?"

ಆಕೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಯಾರೋ ಏನೋ ಪಾಪ. ಭಾಳ ಛಲೋ ಮನಶ್ಯಾ ಅದಾನ. ದಿನಾ ನನ್ನ ಎತ್ತಿ ಕುಂಡ್ರಸ್ತಾನ, ಹೇಲು ಉಚ್ಚಿ ಬಳೀತಾನ. ಯಾರ ಹಡದ ಮಗನೋ."

"ನಿಮ್ಮ ಮಗಾರೀ ಇವ್ರು."

ಮುದುಕಿ ನಕ್ಕಳು. ಸರಿಯಿದ್ದ ಅರ್ಧ ಮುಖದಲ್ಲಿ ಹುಡುಗಿಯಂಥ ನಗು. "ನನಗೆಲ್ಲಿ ಮಗಾ ಬೇ? ಲಗ್ನ ಆಗಿಲ್ಲ ಇನ್ನಾ ನಂದು."

ಮಗ ನನ್ನ ಮುಖವನ್ನೇ ನೋಡುತ್ತಿದ್ದರು. ಕೇಳಿದಂತೆಯೇ ನಾನು ಪೂರ್ತಿ ಹೇಳಿದೆ. ಅವರು "ಬರಂ" ಎಂದರು. ಆಗಲಿ ಎಂದಷ್ಟೇ ಅದರ ಅರ್ಥ. ತಿರುಗಿ ಶೆಡ್ಡಿಗೆ ಹೋದರು. ಸ್ವಲ್ಪ ಹೊತ್ತಿಗೆ ನಿಂತಿದ್ದ ಮಗ್ಗಗಳು ಒಂದರ ಹಿಂದೊಂದು ಶುರುವಾದವು. ಹೊರಡುವಾಗ ಸೊಸೆ ಬಾಗಿಲವರೆಗೆ ಬಂದು, "ಅವರು ಕೇಳಿದರು ಅಂತ ಹೇಳಿಬಿಡೋದೇ?" ಎಂದಳು. ಮರುದಿನ ಅವಳು ಕುರ್ಚಿ ಹಾಕಲಿಲ್ಲ. ನಾನೇ ಎಳೆದುಕೊಂಡು ಕೂತೆ.

ಮಗ ಮಾತ್ರ ಅವತ್ತೇ ನನ್ನನ್ನು ಕೇಳಿದರು. "ನೋಯುತ್ತಿದೆಯಾ ಅನ್ನೋದಕ್ಕೆ ಕಾನಡಿಯಲ್ಲಿ ಏನು ಹೇಳಬೇಕು?" ಹೇಳಿಕೊಟ್ಟೆ. ಮಗ್ಗದ ಸದ್ದಿನಲ್ಲಿ ಬೆಳೆದ ಮನುಷ್ಯ, ಜೋರಾಗಿ ಮಾತಾಡಿಯೇ ರೂಢಿ. "ನೂಸ್ತೈತೇನು?" ಎಂದು ತಾಯಿಯ ಕಿವಿಯ ಹತ್ತಿರ ಕೂಗುತ್ತಿದ್ದರು. ಮುದುಕಿ ಬೆಚ್ಚಿ ನೋಡಿ, ಆಮೇಲೆ ನಿಧಾನವಾಗಿ ಉತ್ತರ ಕೊಡುತ್ತಿದ್ದಳು. ಈ ಅಪರಿಚಿತನಿಗೆ ಮಾತು ತಿಳಿಯುತ್ತದೆಂದು ಗೊತ್ತಾದ ಮೇಲೆ ಆಕೆ ನಾನಿಲ್ಲದಾಗಲೂ ಅವರೊಡನೆ ಮಾತಾಡತೊಡಗಿದಳು. ಅವರಿಗೆ ಅರ್ಥವಾಗುತ್ತಿದ್ದದ್ದು ಹತ್ತರಲ್ಲಿ ಒಂದು. ಉಳಿದದ್ದನ್ನು ಬರೀ ಸದ್ದಾಗಿ ಬಾಯಲ್ಲಿ ಹಿಡಿದಿಟ್ಟುಕೊಂಡು ನಾನು ಬಂದ ಕೂಡಲೇ ಒಪ್ಪಿಸುತ್ತಿದ್ದರು.

"'ದಣದೀ' ಅಂದರೇನು? ಮಧ್ಯಾಹ್ನ ಅಂದಳು."

"ನಿಮಗೆ ದಣಿವಾಗಿದೆ ಅಂತ."

ಅವರು "ಹೌದು, ಆಗ ಆಗಿತ್ತು" ಎಂದರು.

ಮೇ ತಿಂಗಳ ನಡುವೆ ಮಹಿಳಾ ಮಂಡಳಿಯವರು ಭೇಟಿಗೆ ಬಂದರು. ಅವರ ಅಧ್ಯಕ್ಷೆ ನಿವೃತ್ತ ನರ್ಸು, ಶಿಸ್ತಿನ ಹೆಂಗಸು. ಈ ಮುದುಕಿಯ ಜೊತೆ ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಕೂತು ಹಾಡಿದವರು. ಮುದುಕಿಗೆ ಬಲು ಪ್ರಿಯವಾದ ಮರಾಠಿ ಗೀತೆಯನ್ನೇ ಆರಿಸಿದ್ದರು. ಭಾಷೆ ಮರೆತವರಿಗೂ ಹಾಡು ನೆನಪಿರುತ್ತದೆ ಎಂದು ಅವರು ಎಲ್ಲೋ ಕೇಳಿದ್ದರಂತೆ. ಮಗ ಮಗ್ಗ ನಿಲ್ಲಿಸಿ ಬಂದು ಬಾಗಿಲಿಗೆ ಒರಗಿ ನಿಂತರು. ಹೆಂಗಸರೆಲ್ಲ ಮಂಚದ ಸುತ್ತ ನಿಂತು ಹಾಡಿದರು. ಎಲ್ಲರ ಕಣ್ಣೂ ಮುದುಕಿಯ ತುಟಿಗಳ ಮೇಲೆ.

ತುಟಿ ಅಲುಗಿತು. ಆಕೆ ಗಾಬರಿಯಿಂದ ನನ್ನ ಕಡೆ ನೋಡಿ, "ಯಾರ ಸತ್ತಾರಬೇ?" ಎಂದು ಕೇಳಿದಳು.

ಅಷ್ಟು ಜನ ಒಟ್ಟಿಗೆ ನಿಂತು ಹಾಡುವುದನ್ನು ನೋಡಿ ಆಕೆಗೆ ಸಾವಿನ ಮನೆ ಅನ್ನಿಸಿತ್ತು. ನಾನು ಬಾಯಿ ತೆರೆಯುವ ಮೊದಲೇ ಆಕೆ ಎಡಗೈಯನ್ನು ಹಣೆಗೆ ಒತ್ತಿಕೊಂಡು, "ಬೀರಪ್ಪಾ, ಬೀರಪ್ಪಾ, ಕಾಯೋ ನಮ್ಮಪ್ಪಾ" ಎಂದು ಬೇಡತೊಡಗಿದಳು. ಅದನ್ನು ಯಾರಿಗೂ ಅನುವಾದಿಸಬೇಕಾಗಿರಲಿಲ್ಲ. ಕುರುಬರ ಆ ದೇವರು ಮರಾಠಿಯವರಿಗೂ ಗೊತ್ತು, ಅವರ ಬಾಯಲ್ಲಿ ಬಿರೋಬಾ. ಹಾಡು ಅರ್ಧಕ್ಕೆ ನಿಂತಿತು. ಅಧ್ಯಕ್ಷೆ ಹಾಡಿನ ಪುಸ್ತಕ ಮುಚ್ಚಿದರು. ಯಾರೂ ಶರಬತ್ತಿಗೆ ಕೂರಲಿಲ್ಲ.

ಮುಂದಿನ ಭಾನುವಾರ ಚರ್ಚಿನ ಅಂಗಳದಲ್ಲಿ ಬೇವಿನ ನೆರಳಿಗೆ ಗುಂಪು ಕೂಡಿತ್ತು. ಹೀಗೆ ಬೇರೆ ದೇವರ ಹೆಸರು ಹೇಳುತ್ತ ಸತ್ತರೆ ನಮ್ಮ ಸ್ಮಶಾನದಲ್ಲಿ ಹೂಳಬಹುದೇ ಎಂದು ಒಬ್ಬರು ಕೇಳಿದರು. ಅಧ್ಯಕ್ಷೆ, "ಇದು ಅವಳ ಮೇಲಿನ ಸಿಟ್ಟಲ್ಲ. ನಾಳೆ ಜನ ಕೇಳುತ್ತಾರೆ, ಅದಕ್ಕೇ" ಎಂದರು. ಕೊಲ್ಹಾಪುರಕ್ಕೆ ಹೋಗಿ ಬಿಷಪ್ಪರನ್ನೇ ಕೇಳಿಕೊಂಡು ಬನ್ನಿ ಎಂದು ಹಿರಿಯರು ಪಾದ್ರಿ ಸಾಹೇಬರಿಗೆ ಹೇಳಿದರು. ಮಗ ಅಂಗಳದ ಇನ್ನೊಂದು ತುದಿಯಲ್ಲಿ ಸೈಕಲ್ ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿರಬೇಕು. ಒಬ್ಬರೂ ಹತ್ತಿರ ಹೋಗಿ ಮಾತಾಡಿಸಲಿಲ್ಲ. ಅವರು ಸೈಕಲ್ ಹತ್ತಿ ಹೋದರು.

ಪಾದ್ರಿ ಸಾಹೇಬರು ಕೊಲ್ಹಾಪುರಕ್ಕೆ ಹೋಗಿ ಬಂದರು. ಏನೆಂದರು ಎಂದು ಕೇಳಿದವರಿಗೆ, "ನಾನು ಕೇಳಲು ಹೋಗಿರಲಿಲ್ಲ, ಹೇಳಲು ಹೋಗಿದ್ದೆ. ಆಕೆ ನಮ್ಮವಳು" ಎಂದಷ್ಟೇ ಉತ್ತರ ಕೊಟ್ಟರು. ಆಮೇಲೆ ನನ್ನನ್ನು ಕರೆದು ತಾವು ಆಕೆಗೆ ರೊಟ್ಟಿ, ದ್ರಾಕ್ಷಾರಸದ ಪ್ರಭುಭೋಜನ ಕೊಡಲು ಬರುವುದಾಗಿಯೂ, ಅದರ ಮಾತುಗಳನ್ನು ಕನ್ನಡದಲ್ಲಿ ಹೇಳಿಕೊಡಬೇಕೆಂದೂ ಕೇಳಿದರು. ನಮ್ಮಜ್ಜನ ಕನ್ನಡ ಬೈಬಲ್ ನನ್ನ ಬಳಿಯಿತ್ತು. ಅದರಿಂದ ಓದಿ ಹೇಳಿಕೊಟ್ಟೆ. ಅವರು ಮಕ್ಕಳ ಹಾಗೆ ಬಾಯಿಪಾಠ ಮಾಡಿದರು.

ಆ ಸಂಜೆ ಅವರು ಮಂಚದ ಪಕ್ಕ ನಿಂತು ಆ ಗ್ರಂಥದ ಕನ್ನಡವನ್ನು ತಪ್ಪಿಲ್ಲದೆ ನಿಧಾನವಾಗಿ ಹೇಳಿದರು. ಮುದುಕಿ ಅವರು ಮುಗಿಸುವ ತನಕ ಕಾದಳು. ಆಮೇಲೆ ನನ್ನ ಕಡೆ ತಿರುಗಿ, "ಏನ ಅನ್ನಾಕತ್ತಾನಿಂವ?" ಎಂದಳು.

ಆಗ ನನಗೆ ಹೊಳೆಯಿತು. ಈಕೆಯ ಕನ್ನಡ ಕುರಿಹಟ್ಟಿಯದು, ಹುಡುಗಿಯಾಗಿದ್ದಾಗಿನದು. ದೇವರ ಮಾತನ್ನು ಆಕೆ ಕಲಿತದ್ದು ಮರಾಠಿಯಲ್ಲಿ, ಮದುವೆಯಾದ ಮೇಲೆ. ಮರಾಠಿ ಹೋಗುವಾಗ ಅದೆಲ್ಲವನ್ನೂ ಜೊತೆಗೇ ಒಯ್ದಿತ್ತು.

"ರೊಟ್ಟಿ ತಂದಾರ್ರಿ ನಿಮಗ," ಎಂದೆ. "ಯೇಸು ಕೊಟ್ಟದ್ದು."

"ಯಾರಂವ?"

ಪಾದ್ರಿ ಸಾಹೇಬರು ನನ್ನ ಮುಖ ನೋಡಿದರು. ಹೇಳದೆ ವಿಧಿಯಿರಲಿಲ್ಲ. "ಯೇಸು ಯಾರು ಎಂದು ಕೇಳುತ್ತಿದ್ದಾರೆ," ಎಂದೆ. ಸೊಸೆ ಗೋಡೆಯ ಕಡೆ ಮುಖ ಮಾಡಿದಳು. ಪಾದ್ರಿ ಸಾಹೇಬರು ಕೈಯಲ್ಲಿದ್ದ ತಟ್ಟೆಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ, "ಕುರಿ ಕಾಯುವವನು ಅಂತ ಹೇಳಿ" ಎಂದರು.

ಹೇಳಿದೆ.

"ಯಾವೂರಾಂವ?" ಎಂದಳು ಮುದುಕಿ.

"ದೂರದಾಂವ್ರಿ."

"ಬರ್ಲಿ. ಹಟ್ಟ್ಯಾಗ ಜಾಗಾ ಐತಿ," ಎಂದು ಆಕೆ ಬಾಯಿ ತೆರೆದಳು. ಪಾದ್ರಿ ಸಾಹೇಬರು ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ನಾಲಿಗೆಯ ಮೇಲಿಟ್ಟರು. ಆಕೆ ಬಹಳ ಹೊತ್ತು ಅಗಿದು, "ಉಪ್ಪಿಲ್ಲ ಇದಕ್ಕ" ಎಂದಳು. ಅದನ್ನೂ ನಾನು ಹೇಳಿದೆ. ಯಾರೂ ನಗಲಿಲ್ಲ.

ಮೇ ಕೊನೆಗೆ ಗಡಹಿಂಗ್ಲಜದಲ್ಲಿ ಅಕ್ಕನಿಗೆ ಪಿತ್ತಕೋಶದ ಆಪರೇಷನ್ ಆಯಿತು. ನಾನು ಹೋಗಲೇಬೇಕಿತ್ತು. ಹೊರಡುವ ಹಿಂದಿನ ದಿನ ಮುದುಕಿಗೆ ಜ್ವರ. ಮಗನಿಗೆ ಬೇಕಾಗಬಹುದಾದ ಇನ್ನೊಂದಷ್ಟು ಮಾತು ಹೇಳಿಕೊಟ್ಟು, ಏನಾದರೂ ತಿಳಿಯದಿದ್ದರೆ ಫೋನನ್ನು ಆಕೆಯ ಬಾಯಿಯ ಹತ್ತಿರ ಹಿಡಿಯಿರಿ, ನಾನು ಕೇಳಿ ಹೇಳುತ್ತೇನೆ ಎಂದು ಬಂದೆ. ಎರಡು ಸಲ ಹಾಗೆ ಮಾಡಿದರು. ಫೋನಿನಲ್ಲಿ ಮಗ್ಗದ ಸದ್ದು, ಆಕೆಯ ಉಸಿರು, ನಡುವೆ ಏನೋ ಒಂದೆರಡು ಮಾತು. "ಸೆಕಿ," ಎಂದದ್ದು ಮಾತ್ರ ತಿಳಿಯಿತು. ಸೆಕೆಯಾಗುತ್ತಿದೆ ಎಂದೆ. ಅವರು ಮಗ್ಗಗಳನ್ನು ನಿಲ್ಲಿಸಿ ಒದ್ದೆ ಬಟ್ಟೆ ಹೊದಿಸಿದರಂತೆ.

ಮೂರನೆಯ ಸಲ ಫೋನು ಬಂದಾಗ ಆಕೆ ಹೋಗಿಬಿಟ್ಟಿದ್ದಳು.

ಮುಂಜಾನೆಯ ಎಸ್‌ಟಿ ಬಸ್ಸು ಹಿಡಿದು, ಕಾಗಲದಲ್ಲಿ ಬಸ್ಸು ಬದಲಿಸಿ ಬಂದೆ. ಅಷ್ಟು ಹೊತ್ತಿಗೆ ಮೈ ತೊಳೆದು ಬಿಳಿ ಸೀರೆ ಉಡಿಸಿದ್ದರು. ತೊಳೆದವರು ಮಹಿಳಾ ಮಂಡಳಿಯ ಅಧ್ಯಕ್ಷೆ. ನರ್ಸಿನ ಕೈ, ಯಾರನ್ನೂ ಹತ್ತಿರ ಬಿಡಲಿಲ್ಲವಂತೆ. ಹಿಂಭಾಗದಲ್ಲಿ ಕೂತು ತಮ್ಮ ತೋಳುಗಳನ್ನು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿ, "ಬೆನ್ನಿನ ಮೇಲೆ ಒಂದು ಹುಣ್ಣೂ ಇರಲಿಲ್ಲ. ಮಗ ಅಷ್ಟು ಚೆನ್ನಾಗಿ ನೋಡಿಕೊಂಡಿದ್ದಾನೆ" ಎಂದರು. ಅಂಗಳದಲ್ಲಿ ಆಡಿದ ಮಾತಿನ ಬಗ್ಗೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಾಲಿನ ಹೆಂಗಸಿನ ಕೈಯಲ್ಲಿ ತವರಿನ ಕಡೆಗೆ ಸುದ್ದಿ ಕಳಿಸಿದ್ದರು. ಯಾರೂ ಬರಲಿಲ್ಲ. ಬಿಸಿಲಿಗೆ ನೆಲ ಕಲ್ಲಾಗಿತ್ತು, ಹಿಂದಿನ ಸಂಜೆಯೇ ಕೊಡಗಟ್ಟಲೆ ನೀರು ಸುರಿದು ನೆನೆಸಿದ್ದರೂ ಗುದ್ದಲಿ ಇಳಿಯದೆ ಹೊತ್ತಾಯಿತು. ಪಾದ್ರಿ ಸಾಹೇಬರು ಮರಾಠಿಯಲ್ಲಿ ಶಾಸ್ತ್ರ ಮುಗಿಸಿದರು. ಸಭೆಯ ಬಹುತೇಕ ಜನ ಬಂದಿದ್ದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು.

ಜೂನ್‌ನಲ್ಲಿ ಪಾದ್ರಿ ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು. ಅದು ಪ್ರತಿ ಕೆಲವು ವರ್ಷಕ್ಕೆ ಆಗುವಂಥದ್ದೇ, ಆದರೂ ಕೆಲವರು ಬೇರೆ ಅರ್ಥ ಹಚ್ಚಿದರು. ಮಗ ಚರ್ಚಿಗೆ ಬರುವುದನ್ನು ನಿಲ್ಲಿಸಿದರು. ಶಾಲೆ ಶುರುವಾದ ಮೇಲೆ ಒಂದು ಸಂಜೆ, ಮಳೆ ಹನಿಯುತ್ತಿರುವಾಗ, ನಮ್ಮ ಮನೆಗೆ ಬಂದರು. ಒಳಗೆ ಕರೆದರೆ ಬರಲಿಲ್ಲ, ಪಡಸಾಲೆಯ ಅಂಚಿನಲ್ಲೇ ಕೂತರು.

"ಕೊನೆಯಲ್ಲಿ ಒಂದು ಮಾತು ಹೇಳಿದಳು. ಫೋನ್ ಮಾಡಲು ಹೊತ್ತಿರಲಿಲ್ಲ. ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಇಟ್ಟುಕೊಂಡಿದ್ದೆ. ಜನ, ಮಣ್ಣು, ಗಲಾಟೆ, ಅದರಲ್ಲಿ ಸ್ವಲ್ಪ ಅಳಿಸಿದೆ. 'ಬಿಟ್ ಬಾ' ಅಂದಳೋ, 'ಬಿಡ್ ಬ್ಯಾ' ಅಂದಳೋ. ಹಾಗೇನೋ."

ಅವರು ಮೊದಲೇ ಹೇಳಿಬಿಟ್ಟಿದ್ದರಲ್ಲ, ಆರಿಸಿ ಹೇಳಬೇಡಿ ಎಂದು.

"ಬಿಟ್ಟ ಬಾ ಅಂದರೆ, ನನ್ನನ್ನು ಹೋಗಬೇಕಾದಲ್ಲಿಗೆ ಮುಟ್ಟಿಸಿ ನೀನು ವಾಪಸ್ ಬಾ ಅಂತ," ಎಂದೆ. "ಬಿಡಬ್ಯಾಡ ಅಂದರೆ, ಕೈ ಬಿಡಬೇಡ ಅಂತ."

ಅವರು ಒದ್ದೆ ಅಂಗಳವನ್ನೇ ನೋಡುತ್ತಿದ್ದರು. "ಕೈ ಹಿಡಿದುಕೊಂಡೇ ಇದ್ದೆ. ಅದನ್ನು ಹೇಳಿದ ಮೇಲೆ ಬಟ್ಟೆ ನೆನೆಸಿ ತರಲು ಎದ್ದು ಹೋದೆ. ಬರುವಷ್ಟರಲ್ಲಿ ಆಗಿಹೋಗಿತ್ತು."

"ಯಾವುದು ಅಂದರೋ ಹೇಳೋಕೆ ನನ್ನಿಂದಾಗದು," ಎಂದೆ.

"ಎರಡನ್ನೂ ಒಮ್ಮೆ ಅವಳ ಹಾಗೆ ಹೇಳಿ ನೋಡೋಣ."

ತೊದಲು ಸೇರಿಸಿ ಎರಡನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಎಂದರು, ಇನ್ನೊಮ್ಮೆ ಹೇಳಿದೆ. ಕೊನೆಗೆ ತಲೆ ಅಲ್ಲಾಡಿಸಿ, "ನನಗೆ ಎರಡೂ ಒಂದೇ ಥರ ಕೇಳಿಸುತ್ತವೆ" ಎಂದರು. ಚಹ ಕುಡಿಯದೆ ಎದ್ದು, ತಲೆಯ ಮೇಲೆ ಕರ್ಚೀಫು ಹಾಕಿಕೊಂಡು ಮಳೆಯಲ್ಲೇ ಹೊರಟರು.